ಯಾರ ಹೆಸರಿನಲ್ಲಿ ಪುಸ್ತಕ?

ಪುಸ್ತಕದ ಹುಚ್ಚು ನಮಗೆ ಚಿಕ್ಕಂದಿನಿಂದಲೂ ಉಂಟು. ಮೆಟ್ರಿಕ್‌ಗೆ ಓದು ನಿಂತಿತು, ಹುಚ್ಚು ನಿಲ್ಲಲಿಲ್ಲ. ಪಕ್ಷದ ಕೆಲಸಕ್ಕೆಂದು ಯಾವ ಊರಿಗೆ ಹೋದರೂ ಸಭೆಗೆ ಮೊದಲು ಅಲ್ಲಿನ ವಾಚನಾಲಯವನ್ನು ಇಣುಕಿ ನೋಡುವುದು ನಮ್ಮ ಅಭ್ಯಾಸ. ಸಂಗಾತಿಗಳು ನಗುತ್ತಾರೆ, ನಗಲಿ.

ಪುಸ್ತಕಾಲಯದಲ್ಲೇ ನಡೆಯುವ ಮಕ್ಕಳ ಕಥೆಗಳೆಂದರೆ ನಮಗೆ ಇನ್ನೂ ಹೆಚ್ಚಿನ ಪ್ರೀತಿ. ಅಮೆರಿಕದ ಪ್ಯಾಟ್ ಮೋರಾ ಎಂಬ ಲೇಖಕಿ 1997ರಲ್ಲಿ ಅಂಥದೊಂದು ಕಥೆ ಬರೆದರು. ತೊಮಾಸ್ ಕೂಲಿಕಾರರ ಮಗ. ಅವನ ಮನೆಯವರು ಬೆಳೆ ಕೊಯ್ಲಿಗಾಗಿ ಟೆಕ್ಸಾಸ್‌ನಿಂದ ಅಯೋವಾಕ್ಕೆ ಹಳೆಯ ಕಾರಿನಲ್ಲಿ ಅಲೆಯುವವರು. ಅಜ್ಜನ ಬಾಯಲ್ಲಿದ್ದ ಕಥೆಗಳೆಲ್ಲ ಹುಡುಗನಿಗೆ ಕೇಳಿ ಮುಗಿದವು. ಹೊಸ ಕಥೆಗಳು ಪುಸ್ತಕಾಲಯದಲ್ಲಿ ಸಿಗುತ್ತವೆಂದು ಅಜ್ಜನೇ ಕಳಿಸಿದ. ಬಾಗಿಲಲ್ಲಿ ಹಿಂಜರಿದು ನಿಂತಿದ್ದವನನ್ನು ಅಲ್ಲಿನ ಹೆಂಗಸು ಒಳಗೆ ಕರೆದು, ನೀರು ಕೊಟ್ಟು, ಪುಸ್ತಕ ಕೊಟ್ಟಳು. ಮನೆಗೆ ಒಯ್ಯಲೆಂದು ತನ್ನ ಸ್ವಂತ ಹೆಸರಿನಲ್ಲಿ ಬರೆದು ಕೊಟ್ಟಳು. ಇದು ಬರಿಯ ಕಟ್ಟುಕಥೆಯಲ್ಲ. ಆ ಹುಡುಗ ತೊಮಾಸ್ ರಿವೇರಾ 1979ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದ ಕುಲಪತಿಯಾದ. ಅಲ್ಲಿನ ಪುಸ್ತಕಾಲಯಕ್ಕೆ ಇಂದು ಅವನದೇ ಹೆಸರು.

ಅದೇ ದೇಶದಲ್ಲಿ ಬಾಗಿಲು ಮುಚ್ಚಿದ ಕೈಗಳೂ ಇದ್ದವು. 1959ರಲ್ಲಿ ದಕ್ಷಿಣ ಕೆರೊಲಿನಾದ ಲೇಕ್ ಸಿಟಿಯಲ್ಲಿ ರೊನಾಲ್ಡ್ ಮೆಕ್‌ನೇರ್ ಎಂಬ ಕಪ್ಪು ಹುಡುಗನಿಗೆ ಪುಸ್ತಕ ಕೊಡಲೊಲ್ಲೆವೆಂದರು. ಪೊಲೀಸರನ್ನು ಕರೆಸಿದರೂ ಹುಡುಗ ಜಗ್ಗಲಿಲ್ಲ. ಪುಸ್ತಕ ಹಿಡಿದೇ ಮನೆಗೆ ಹೋದ. ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ದುರಂತದಲ್ಲಿ ಮಡಿದವನು ಇವನೇ. ಒಂದು ಸತ್ಯಾಗ್ರಹಕ್ಕೆ ಇಷ್ಟು ಪುಟ್ಟ ಸತ್ಯಾಗ್ರಹಿಯನ್ನು ನಾವು ಬೇರೆಲ್ಲೂ ಕಂಡಿಲ್ಲ.

ನಮ್ಮ ಕಡೆ ಪೊಲೀಸರು ಬೇಕಿಲ್ಲ, ಒಂದು ಬೀಗ ಸಾಕು. ನಾವು ಮಾಸ್ತರಿಕೆ ಮಾಡಿದ ಶಾಲೆಯೊಂದರಲ್ಲಿ ಕಥೆ ಪುಸ್ತಕಗಳ ಬೀರು ಇತ್ತು. ಪುಸ್ತಕ ಹರಿದರೆ ದಾಸ್ತಾನು ವಹಿಗೆ ಉತ್ತರ ಹೇಳಬೇಕಾದವರು ಮೇಷ್ಟ್ರು. ಆದುದರಿಂದ ಬೀಗ ತೆರೆಯುತ್ತಿದ್ದುದು ಇನ್‌ಸ್ಪೆಕ್ಷನ್ ದಿನ ಮಾತ್ರ. ಎರಡು ವರ್ಷ ನಾವೂ ಹೆದರಿ ಸುಮ್ಮನಿದ್ದೆವು, ಅದನ್ನು ಮರೆಮಾಚುವುದಿಲ್ಲ. ಕೊನೆಗೊಂದು ದಿನ ತೆರೆದಾಗ ಗೆದ್ದಲು ನಮಗಿಂತ ಮೊದಲೇ ಓದಿ ಮುಗಿಸಿತ್ತು.

ಹಣವಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಾಗುತ್ತದೆ. ಪುಸ್ತಕಕ್ಕೆಂದೇ ಎತ್ತಿದ ಆ ಹಣವನ್ನು ಪೂರ್ತಿ ಒಪ್ಪಿಸದೆ ಬಾಕಿ ಉಳಿಸಿಕೊಂಡ ಸ್ಥಳೀಯ ಸಂಸ್ಥೆಗಳು ಒಂದೆರಡಲ್ಲ. ಮನೆ ಕಂದಾಯ ತಡವಾದರೆ ದಂಡ ಹಾಕುವವರಿಗೆ ದಂಡ ಹಾಕುವವರು ಯಾರು? ಎಷ್ಟು ವಸೂಲಾಯಿತು, ಎಷ್ಟು ಸಂದಾಯವಾಯಿತು ಎಂಬ ಲೆಕ್ಕವನ್ನು ಪ್ರತಿ ಪುಸ್ತಕಾಲಯದ ಬಾಗಿಲಿಗೆ ಅಂಟಿಸಬೇಕು.

2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಆರಂಭವಾಯಿತು. ಒಳ್ಳೆಯ ಕೆಲಸ, ಸರ್ಕಾರದ್ದೆಂದು ನಾವು ಹಳಿಯುವುದಿಲ್ಲ. ಆದರೆ ಕಬ್ಬು ಕಡಿಯಲು ಬಂದವರ ಜೋಪಡಿಯ ಮಗು, ಇಟ್ಟಿಗೆ ಗೂಡಿನ ಮಗು, ಇಂದು ಇಲ್ಲಿ, ಮುಂದಿನ ತಿಂಗಳು ಇನ್ನೆಲ್ಲೋ ಇರುವ ಮಗು ಯಾವ ಪಂಚಾಯಿತಿಯ ಸದಸ್ಯ? ವಿಳಾಸ ಕೇಳಿದರೆ ಅದು ಏನು ಹೇಳೀತು?

ನಮ್ಮ ಶಾಖೆಗಳ ಸಂಗಾತಿಗಳಲ್ಲಿ ಒಂದು ಕೋರಿಕೆ. ಈ ಸುಗ್ಗಿಯಲ್ಲಿ ನಿಮ್ಮೂರ ಜೋಪಡಿಗಳಿಗೆ ಹೋಗಿ, ಮಕ್ಕಳನ್ನು ಪುಸ್ತಕಾಲಯಕ್ಕೆ ಕರೆದೊಯ್ಯಿರಿ. ಫಾರಂ ಕೇಳಿದರೆ ನಿಮ್ಮ ಹೆಸರು, ನಿಮ್ಮ ವಿಳಾಸ ಬರೆಯಿರಿ. ಪುಸ್ತಕ ಕಳೆದರೆ ಬೆಲೆ ನಾವು ತೆರೋಣ.