ವಿಸ್ಕಿಯ ವಯಸ್ಸು, ಬಿಸಿಲಿನ ಲೆಕ್ಕ

ಡೊಂಬಿವಲಿಯ ಮೇ ತಿಂಗಳಲ್ಲಿ ಇಡ್ಲಿ ಹಿಟ್ಟನ್ನು ಹೊರಗಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಹರಿದಿರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಅದೇ ಅಳತೆಯ ಹಿಟ್ಟು ಬೆಳಗಾದರೂ ಏಳುವುದಿಲ್ಲ. ಎಷ್ಟು ಗಂಟೆ ಹುದುಗಬೇಕು ಎಂದು ಹೇಳುವ ಮೊದಲು ಯಾವ ಊರಿನಲ್ಲಿ ಎಂದು ಕೇಳಬೇಕು. ಅಡುಗೆಮನೆಯಲ್ಲಿ ಗೊತ್ತಿರುವ ಈ ಮಾತನ್ನು ವಿಸ್ಕಿಯ ಬಾಟಲಿಯ ಮುಂದೆ ನಿಂತಾಗ ಮರೆಯುತ್ತೇವೆ.

ಈಚೆಗೆ ನಮ್ಮ ಡೊಂಬಿವಲಿಯ ವೈನ್ ಶಾಪಿನಲ್ಲಿ ಸೋದರಳಿಯ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಮಾವ, ಇದರ ಮೇಲೆ ವಯಸ್ಸೇ ಇಲ್ಲ. 12 ವರ್ಷದ ಸ್ಕಾಚ್ ಇದೆಯಲ್ಲ, ಅದನ್ನೇ ತಗೊಳ್ಳೋಣ" ಎಂದ. ಕುಡಿಯಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಕೊಳ್ಳುವವನು ಯಾವ ಅಳತೆಗೋಲು ಹಿಡಿದಿದ್ದಾನೆ ಎಂಬುದಷ್ಟೇ ನನ್ನ ಪ್ರಶ್ನೆ.

ಅಮೃತ್ ಡಿಸ್ಟಿಲರೀಸನ್ನು ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಅವರ ಮಗ ನೀಲಕಂಠ ಜಗದಾಳೆ ಅವರ ಕಾಲದಲ್ಲಿ ಕಂಪನಿ 2004ರ ಆಗಸ್ಟಿನಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದು ಭಾರತದಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿ ಬೆರೆಸಿ ಮಾಡಿದ 'ಫ್ಯೂಷನ್'ಗೆ ಜಿಮ್ ಮರ್ರೆ ತಮ್ಮ 'ವಿಸ್ಕಿ ಬೈಬಲ್'ನ 2010ರ ಆವೃತ್ತಿಯಲ್ಲಿ ನೂರಕ್ಕೆ 97 ಅಂಕ ಕೊಟ್ಟರು. ಬೆಂಗಳೂರಿನ ಅಂಗಡಿಗಳಿಗೆ ಆ ಮಾಲ್ಟ್ ಬಂದದ್ದು ಆಮೇಲೆ.

ಪೀಪಾಯಿಯ ಓಕ್ ಮರದ ಮೂಲಕ ವಿಸ್ಕಿ ಸದಾ ಆವಿಯಾಗುತ್ತಿರುತ್ತದೆ. ಸ್ಕಾಟರು ಇದನ್ನು ದೇವತೆಗಳ ಪಾಲು ಎನ್ನುತ್ತಾರೆ. ಅವರ ಚಳಿಯಲ್ಲಿ ಆ ಪಾಲು ವರ್ಷಕ್ಕೆ ಸುಮಾರು ಶೇಕಡಾ 2, ಬೆಂಗಳೂರಿನಲ್ಲಿ 10ರಿಂದ 12. ಅಲ್ಲಿ 100 ಲೀಟರ್ ತುಂಬಿಸಿಟ್ಟರೆ 12 ವರ್ಷದ ನಂತರ 78 ಲೀಟರ್ ಉಳಿಯುತ್ತದೆ. ಇಲ್ಲಿ ಐದೇ ವರ್ಷಕ್ಕೆ 56ರ ಆಸುಪಾಸು. ಅಮೃತ್ 2013ರಲ್ಲಿ ಹೊರತಂದ 8 ವರ್ಷದ ವಿಸ್ಕಿಗೆ 'ಗ್ರೀಡಿ ಏಂಜಲ್ಸ್', ಅಂದರೆ ದುರಾಸೆಯ ದೇವತೆಗಳು, ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಶಾಖ ಹೆಚ್ಚಿದಷ್ಟೂ ಮರದ ಬಣ್ಣ, ರುಚಿ ಬೇಗ ಇಳಿಯುತ್ತವೆ. ಇಲ್ಲಿ 12 ವರ್ಷ ಕಾದರೆ ಕಾಲು ಪೀಪಾಯಿಯೂ ಉಳಿಯುವುದು ಕಷ್ಟ.

ಸ್ಕಾಚಿಗಿರುವ ಕನಿಷ್ಠ ಮೂರು ವರ್ಷದ ನಿಯಮವೂ ರುಚಿಯಿಂದಷ್ಟೇ ಹುಟ್ಟಿದ್ದಲ್ಲ. ಮೊದಲ ಮಹಾಯುದ್ಧದ ನಡುವೆ ಕುಡಿತಕ್ಕೆ ಕಡಿವಾಣ ಹಾಕಬೇಕೆಂಬ ಒತ್ತಡದಲ್ಲಿ 1915ರ ಕಾಯ್ದೆ ಬಂತು. ಮೊದಲು ಎರಡು ವರ್ಷ ಎಂದಿದ್ದು, ಬಳಿಕ ಮೂರಾಯಿತು. ಒಂದು ನಾಡಿನ ಹವೆಗೂ ರಾಜಕೀಯಕ್ಕೂ ಹೊಂದಿದ ಸಂಖ್ಯೆ ಎಲ್ಲ ನಾಡಿಗೂ ಅಳತೆಗೋಲಾಗಬೇಕಿಲ್ಲ.

ಹಾಗೆಂದು ನಮ್ಮ ಕಂಪನಿಗಳ ವಾದವನ್ನು ಪೂರ್ತಿ ಒಪ್ಪಲಾರೆ. "ನಮ್ಮ ಒಂದು ವರ್ಷ ಅವರ ಮೂರಕ್ಕೆ ಸಮ" ಎಂಬ ಮಾತು ಮಾರಾಟಗಾರರ ಬಾಯಲ್ಲಿ ಚೆನ್ನ. ಬೇಗ ಆದದ್ದೆಲ್ಲ ಅದೇ ಆಗುವುದಿಲ್ಲ, ಬೇರೆಯೇ ಆಗುತ್ತದೆ. ಜೊತೆಗೆ, ಭಾರತದಲ್ಲಿ ವಿಸ್ಕಿ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಬಾಟಲಿಗಳಲ್ಲಿ ಬಹಳಷ್ಟು ಕಾಕಂಬಿಯ ಮದ್ಯಸಾರವೇ ಇರುತ್ತದೆ. ಯುರೋಪಿನ ಕಾನೂನಿನಲ್ಲಿ ಅದು ವಿಸ್ಕಿಯೇ ಅಲ್ಲ, ಧಾನ್ಯದಿಂದ ಮಾಡಿದ್ದು ಮಾತ್ರ ವಿಸ್ಕಿ. ಈ ವಿಚಾರದಲ್ಲಿ ನಮ್ಮ ಬಿಸಿಲನ್ನು ನೆಪ ಮಾಡಲಾಗದು.

2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಂತೆ ಸ್ಕಾಚಿನ ಮೇಲಿನ ಆಮದು ಸುಂಕ ಶೇಕಡಾ 150ರಿಂದ 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. ಠಾಣೆ, ಕಲ್ಯಾಣ, ನವಿ ಮುಂಬಯಿಯ ಅಂಗಡಿಗಳಲ್ಲಿ 12 ಎಂಬ ಅಂಕಿಯ ಬಾಟಲಿ ಇನ್ನಷ್ಟು ಹತ್ತಿರ ಬರುತ್ತದೆ. ಅದರ ಎದುರು ಮೌನವಾಗಿರುವ ಲೇಬಲ್ ಸೋಲುತ್ತದೆ.

ಆದ್ದರಿಂದ ನಮ್ಮ ಸಿಂಗಲ್ ಮಾಲ್ಟ್ ತಯಾರಕರು ವಯಸ್ಸನ್ನು ಮುಚ್ಚಿಡದೆ ಬರೆಯಲಿ: ಇಷ್ಟು ವರ್ಷ, ಈ ಊರಿನಲ್ಲಿ, ಪೀಪಾಯಿಯಿಂದ ಇಷ್ಟು ಆವಿಯಾದ ಮೇಲೆ. ಅಗ್ಗದ ವಿಸ್ಕಿಯ ಲೇಬಲ್ ಮೇಲೆ ಕಾಕಂಬಿಯೋ ಧಾನ್ಯವೋ ಎಂಬುದು ಕಡ್ಡಾಯವಾಗಲಿ. ನಾಲ್ಕೋ ಐದೋ ಎಂದು ಬರೆಯಲು ನಾಚಬೇಕಾದ್ದೇನಿದೆ? ಅಂದು ಸೋದರಳಿಯನಿಗೆ ಲೇಬಲ್ ಹೇಳದ್ದನ್ನು ನಾನು ಹೇಳಬೇಕಾಯಿತು. ಪ್ರತಿ ಅಂಗಡಿಯಲ್ಲೂ ಒಬ್ಬ ಮಾವ ನಿಂತಿರುವುದಿಲ್ಲ.