ಕೆಂಪು ಸಮುದ್ರದ ಸುತ್ತುದಾರಿ: ನಷ್ಟ ಯಾರ ಲೆಕ್ಕಕ್ಕೆ?

2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ಕಚ್ಚಾ ತೈಲ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಹಡಗಿನ ಮೇಲೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ದಾಳಿ ನಡೆಯಿತು. ಹಡಗಿನಲ್ಲಿದ್ದ ನಾವಿಕರಲ್ಲಿ 20 ಮಂದಿ ಭಾರತೀಯರು. ಬೆಂಕಿ ಆರಿಸಿದ ಮೇಲೆ ನಮ್ಮ ಕರಾವಳಿ ರಕ್ಷಣಾ ಪಡೆಯ ಬೆಂಗಾವಲಿನಲ್ಲಿ ಅದು ಮುಂಬೈ ಸೇರಿತು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಎಲ್ಲೋ ಯೆಮೆನ್ ದೇಶದ ಜಗಳ ಎಂದು ಪತ್ರಿಕೆ ಮಡಚಿಡುತ್ತಿದ್ದವರಿಗೆ ಅಂದು ಮಂಗಳೂರಿನ ಹೆಸರು ಕಣ್ಣಿಗೆ ಬಿತ್ತು.

ಅದಕ್ಕೆ ಒಂದು ತಿಂಗಳ ಮೊದಲು, ನವೆಂಬರ್ 19ರಂದು, ಹೌತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಹಡಗನ್ನು ಕೆಂಪು ಸಮುದ್ರದಲ್ಲಿ ವಶಪಡಿಸಿಕೊಂಡಿದ್ದರು. ಡಿಸೆಂಬರ್ ಮಧ್ಯದ ಹೊತ್ತಿಗೆ ಮರ್ಸ್ಕ್, ಹಪಾಗ್-ಲಾಯ್ಡ್, ಎಂ.ಎಸ್.ಸಿ. ಮುಂತಾದ ದೊಡ್ಡ ಕಂಪನಿಗಳು ಆ ದಾರಿಯನ್ನು ಬಿಟ್ಟವು. ಪ್ರಪಂಚದ ವ್ಯಾಪಾರದಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲು ಸಾಗುತ್ತಿದ್ದ ಸುಯೆಜ್ ಕಾಲುವೆಯ ಬದಲು ಹಡಗುಗಳು ಆಫ್ರಿಕಾ ಖಂಡದ ತುದಿಯಲ್ಲಿರುವ ಗುಡ್ ಹೋಪ್ ಭೂಶಿರವನ್ನು ಸುತ್ತಿ ಯುರೋಪ್ ಸೇರತೊಡಗಿದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚಿಗೆ ಹಿಡಿಯಿತು. ಬಾಡಿಗೆ ಏರಿತು. ನಡುವೆ ಸ್ವಲ್ಪ ಶಾಂತವಾಯಿತು ಎನ್ನುವಷ್ಟರಲ್ಲಿ 2025ರ ಜುಲೈನಲ್ಲಿ ಮ್ಯಾಜಿಕ್ ಸೀಸ್ ಮತ್ತು ಎಟರ್ನಿಟಿ ಸಿ ಎಂಬ ಎರಡು ಹಡಗುಗಳನ್ನು ಮುಳುಗಿಸಲಾಯಿತು. ದಾರಿ ಇನ್ನು ಸಲೀಸು ಎಂದು ನಂಬಿ ದರ ಹೇಳುವ ಕಾಲ ಮುಗಿದಿದೆ.

ಇದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಬೆಳೆದದ್ದರಲ್ಲಿ ಹೆಚ್ಚಿನ ಭಾಗ ಹೊರದೇಶಕ್ಕೆ ಹೋಗುತ್ತದೆ, ಅದರಲ್ಲೂ ಇಟಲಿಯೇ ದೊಡ್ಡ ಗಿರಾಕಿ. ಇಟಲಿಗೆ ಹತ್ತಿರದ ದಾರಿ ಸುಯೆಜ್. ಬೆಂಗಳೂರಿನ ಸಿದ್ಧ ಉಡುಪಿನವರ ಪಾಡೂ ಇದೇ.

ಕ್ಷಿಪಣಿ ಬಿದ್ದ ಹಡಗುಗಳು ಲೆಕ್ಕಕ್ಕೆ ಸಿಗುವಷ್ಟು. ಆದರೆ ತಡವಾದ ಹಡಗುಗಳಿಗೆ ಲೆಕ್ಕವಿಲ್ಲ, ಮತ್ತು ಸಣ್ಣ ವ್ಯಾಪಾರಿಯನ್ನು ಕೊರೆಯುವುದು ಈ ತಡವೇ. ಒಂದು ಕೋಟಿ ರೂಪಾಯಿ ಬಂಡವಾಳ ಹಾಕಿದ ರಫ್ತುದಾರನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಮಾಲು ಕೊಂಡು, ಕಳಿಸಿ, ಹಣ ಕೈಸೇರಲು 60 ದಿನ ಹಿಡಿದರೆ ವರ್ಷಕ್ಕೆ ಆರು ಸುತ್ತು. ಸುತ್ತಿಗೆ ನೂರಕ್ಕೆ ಮೂರು ಉಳಿದರೆ ವರ್ಷಕ್ಕೆ 18 ಲಕ್ಷ. ಅದೇ ಹಣ ಬರಲು 75 ದಿನ ಆದರೆ ಸುತ್ತು ಐದೂ ತುಂಬುವುದಿಲ್ಲ, ಉಳಿಯುವುದು 14 ಲಕ್ಷದ 40 ಸಾವಿರ. ಒಂದು ಚೀಲವೂ ನೆನೆಯಲಿಲ್ಲ, ಗಿರಾಕಿ ಮೋಸ ಮಾಡಲಿಲ್ಲ, ಆದರೂ 3 ಲಕ್ಷ 60 ಸಾವಿರ ಹೋಯಿತು. ಆ ಬಂಡವಾಳದಲ್ಲಿ ಅರ್ಧ ಬ್ಯಾಂಕಿನ ಸಾಲವಾಗಿದ್ದರೆ ಬಡ್ಡಿ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ. ಅದಕ್ಕೆ ಅಡವಿಟ್ಟಿರುವುದು ಬಹಳ ಸಲ ವಾಸದ ಮನೆಯ ಪತ್ರ, ಹೆಂಡತಿಯ ಇಲ್ಲವೆ ತಾಯಿಯ ಹೆಸರಿನ ಜಾಮೀನು. ಮನೆಯವರು ಈ ಲೆಕ್ಕ ತಿಳಿಯಬೇಕಾದದ್ದು ಅದಕ್ಕಾಗಿ.

ವಿಮೆ ಇದೆಯಲ್ಲ ಎನ್ನುವವರುಂಟು. ಸರಕಿನ ಸಮುದ್ರ ವಿಮೆಯ ಸಾಮಾನ್ಯ ಷರತ್ತುಗಳಲ್ಲಿ ತಡದಿಂದಾದ ನಷ್ಟವನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ತಡಕ್ಕೆ ಕಾರಣವಾದ ಅವಘಡಕ್ಕೆ ವಿಮೆ ಇದ್ದರೂ ತಡಕ್ಕೆ ಇಲ್ಲ! ಯುದ್ಧದ ಅಪಾಯಕ್ಕೆ ಬೇರೆಯೇ ಷರತ್ತು, ಬೇರೆ ಹಣ. ಅದನ್ನೂ ವಿಮೆ ಕಂಪನಿ ಏಳು ದಿನದ ಸೂಚನೆ ಕೊಟ್ಟು ವಾಪಸ್ ಪಡೆಯುವ ಕ್ರಮವಿದೆ. ಪಾಲಿಸಿ ಕಾಗದದ ಹಿಂಬದಿಯ ಸಣ್ಣ ಅಕ್ಷರ ಓದುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಕಡಿಮೆ, ಏಜೆಂಟರ ಮಾತೇ ಪಾಲಿಸಿ.

ಹಾಗಾದರೆ ನಷ್ಟ ಯಾರದು ಎಂಬುದು ಎಲ್ಲಿ ತೀರ್ಮಾನವಾಗುತ್ತದೆ? ಹಡಗು ಹತ್ತುವ ಎಷ್ಟೋ ಮೊದಲು, ಕರಾರಿನಲ್ಲಿ ಬರೆದ ಮೂರು ಅಕ್ಷರದಲ್ಲಿ. ಎಫ್.ಓ.ಬಿ. ಎಂದರೆ ಮಾಲನ್ನು ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಮಾರುವವನ ಹೊಣೆ. ಬಾಡಿಗೆ, ವಿಮೆ ಕೊಳ್ಳುವವನದು. ಸಿ.ಐ.ಎಫ್. ಎಂದರೆ ಬಾಡಿಗೆ, ವಿಮೆ ಮಾರುವವನ ತಲೆಗೆ. ಹಳೆಯ ಬಾಡಿಗೆ ಹಿಡಿದು ಸಿ.ಐ.ಎಫ್. ದರ ಒಪ್ಪಿಕೊಂಡವರಿಗೆ ಸುತ್ತುದಾರಿಯ ಹೆಚ್ಚಳವೆಲ್ಲ ಕೈಯಿಂದ ಹೋಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಳೆಯದು. ಸಿ.ಐ.ಎಫ್. ಎಂದರೆ ಮಾಲು ತಲುಪುವ ತನಕ ಅಪಾಯವೂ ಮಾರುವವನದೇ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ, ಅಲ್ಲಿಯೂ ಹಡಗು ಏರಿದೊಡನೆ ಅಪಾಯ ಕೊಳ್ಳುವವನಿಗೆ ದಾಟುತ್ತದೆ. ಇದನ್ನು ತಿಳಿಯದೆ ಗಿರಾಕಿಗೆ ಸೋಡಿ ಬಿಟ್ಟವರೂ ಇದ್ದಾರೆ. ಇನ್ನು ಬೆಂಗಳೂರಿನ ಒಳನಾಡು ಡಿಪೋದಲ್ಲಿ ಕಂಟೇನರ್ ಒಪ್ಪಿಸಿ ಬರುವವರಿಗೆ ಎಫ್.ಓ.ಬಿ.ಗಿಂತ ಎಫ್.ಸಿ.ಎ. ಸರಿಹೊಂದುತ್ತದೆ, ಡಿಪೋದಿಂದ ಬಂದರಿನ ಹಡಗಿನವರೆಗಿನ ಹೊಣೆ ಆಗ ಮಾರುವವನ ಮೇಲೆ ಇರುವುದಿಲ್ಲ.

2021ರ ಎವರ್ ಗಿವನ್ ಪ್ರಕರಣ ಎಲ್ಲರಿಗೂ ನೆನಪಿದೆ. 400 ಮೀಟರ್ ಉದ್ದದ ಆ ಹಡಗು ಮಾರ್ಚ್ 23ರಂದು ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನದ ಮೇಲೆ ಬಿಡುಗಡೆಯಾಯಿತು. ಅದರ ನಾವಿಕರೂ ಭಾರತೀಯರೇ, 25 ಮಂದಿ. ಆದರೆ ನಂತರ ನಡೆದದ್ದನ್ನು ಗಮನಿಸಿದವರು ಕಡಿಮೆ. ಪರಿಹಾರದ ಜಗಳದಲ್ಲಿ ಹಡಗನ್ನು ಈಜಿಪ್ಟ್ ಜುಲೈ 7ರವರೆಗೆ ತಡೆಹಿಡಿಯಿತು. ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಅಂದರೆ ಹಡಗು ಮತ್ತು ಸರಕನ್ನು ಉಳಿಸಲು ಆದ ಖರ್ಚನ್ನು ಅದರಲ್ಲಿ ಮಾಲು ಹಾಕಿದವರೆಲ್ಲ ತಮ್ಮ ಮಾಲಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಇದು ಕಡಲ ವ್ಯಾಪಾರದ ಬಹು ಪುರಾತನ ಕಟ್ಟಳೆ. ವಿಮೆ ಮಾಡಿಸಿದವರ ಪರವಾಗಿ ವಿಮೆ ಕಂಪನಿ ಖಾತರಿ ಬರೆದುಕೊಡುತ್ತದೆ. ವಿಮೆ ಇಲ್ಲದವರು ನಗದು ಠೇವಣಿ ಇಡುವವರೆಗೆ ತಮ್ಮದೇ ಮಾಲು ತಮ್ಮ ಕೈಗೆ ಬರುವುದಿಲ್ಲ. ವಿಮೆ ತಡಕ್ಕೆ ಹಣ ಕೊಡುವುದಿಲ್ಲ ಎಂದ ಮಾತ್ರಕ್ಕೆ ವಿಮೆಯೇ ಬೇಡ ಎನ್ನುವವರು ಇದನ್ನು ತಿಳಿದಿರಲಿ.

ದೊಡ್ಡ ಕಾರ್ಖಾನೆಗಳೂ ಪಾಠ ಕಲಿತವು. ಬಿಡಿಭಾಗ ಬರುವುದು ತಡವಾಗಿ 2024ರ ಜನವರಿ ಕೊನೆಯಿಂದ ಸುಮಾರು ಎರಡು ವಾರ ಟೆಸ್ಲಾ ಕಂಪನಿಯ ಬರ್ಲಿನ್ ಸಮೀಪದ ಕಾರ್ಖಾನೆಯಲ್ಲಿ ಉತ್ಪಾದನೆ ಬಹುಪಾಲು ನಿಂತಿತು. ಬೇಕಾದಾಗ ಬೇಕಾದಷ್ಟೇ ತರಿಸುವುದು, ಗೋದಾಮಿನಲ್ಲಿ ಏನೂ ಇಡದಿರುವುದು ಆಧುನಿಕ ಜಾಣತನ ಎಂದು ಎಷ್ಟೋ ವರ್ಷ ಹೇಳುತ್ತಿದ್ದರು. ಹಿಂದಿನವರು ಮಳೆಗಾಲಕ್ಕೆ ಮೊದಲೇ ಕೋಠಿ ತುಂಬಿಸುತ್ತಿದ್ದದ್ದು ದಡ್ಡತನವೇನೂ ಆಗಿರಲಿಲ್ಲ. ಆದರೆ ಗೋದಾಮು ತುಂಬಿಸುವುದಕ್ಕೂ ಹಣ ಬೇಕು, ಸಣ್ಣವರಿಗೆ ಅದು ಸುಲಭವಲ್ಲ.

ಸಣ್ಣವರ ಕೈಯಲ್ಲಿರುವುದು ಕಾಗದವೇ. ಹೊಸ ಕರಾರಿನಲ್ಲಿ, ಬಾಡಿಗೆ ಇಂತಿಷ್ಟಕ್ಕಿಂತ ಏರಿದರೆ ಹೆಚ್ಚಳ ಕೊಳ್ಳುವವರದು ಎಂಬ ಒಂದು ಸಾಲು ಸೇರಿಸಲು ಕೇಳಬಹುದು. ಹಳೆಯ ಗಿರಾಕಿಗಳು ಎಷ್ಟೋ ವೇಳೆ ಒಪ್ಪುತ್ತಾರೆ. ಬ್ಯಾಂಕಿನ ಎಲ್.ಸಿ. ತೆರೆಸುವಾಗ ಮಾಲು ಹಡಗೇರಿಸುವ ಕೊನೆಯ ದಿನಾಂಕವನ್ನು ಹತ್ತು ಹದಿನೈದು ದಿನ ಮುಂದಕ್ಕೆ ಬರೆಸಬೇಕು. ನಿಗದಿಯಾದ ಹಡಗು ಬಂದರಿಗೆ ಬಾರದೆ ಹೋಗುವುದು ಈಗ ಸಾಮಾನ್ಯ, ದಿನಾಂಕ ಒಂದು ದಿನ ದಾಟಿದರೂ ಬ್ಯಾಂಕು ಕಾಗದ ತಿರಸ್ಕರಿಸಬಹುದು. ಎಲ್.ಸಿ. ಇಲ್ಲದೆ ಉದ್ರಿ ಕೊಡುವವರಿಗೆ ಕೇಂದ್ರ ಸರ್ಕಾರದ ಇ.ಸಿ.ಜಿ.ಸಿ. ಸಂಸ್ಥೆ 1957ರಿಂದಲೂ ಇದೆ. ಕೊಳ್ಳುವವನು ದಿವಾಳಿಯಾದರೆ ಅಥವಾ ಹಣ ಕೊಡದಿದ್ದರೆ ನಷ್ಟದ ಬಹುಪಾಲನ್ನು ಅದು ತುಂಬಿಕೊಡುತ್ತದೆ. ಇಪ್ಪತ್ತು ವರ್ಷದ ಪರಿಚಯ, ಮಾತೇ ಸಾಕು ಎಂದು ಪಾಲಿಸಿ ಬಿಡುವವರು ಹೆಚ್ಚು. ಅಂಥ ಗಿರಾಕಿಯ ಮನಸ್ಸು ಒಳ್ಳೆಯದೇ ಇರಬಹುದು, ಅವನ ಮಾಲೂ ಅದೇ ಸುತ್ತುದಾರಿಯ ಹಡಗಿನಲ್ಲಿದೆ.