ಕಂಪ್ಯೂಟರ್ ಪರದೆ ಕಪ್ಪಾದರೆ ಮಾನಿಟರ್ ಕೆಟ್ಟಿದೆ ಎಂದೇ ಅರ್ಥವೇ?

ಕಂಪ್ಯೂಟರ್ ಆನ್ ಮಾಡುತ್ತೀರಿ. ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ಆದರೆ ಪರದೆ ಮೇಲೆ ಏನೂ ಇಲ್ಲ. ಸುತ್ತ ನಿಂತವರಲ್ಲಿ ಒಬ್ಬರು "ಮಾನಿಟರ್ ಹೋಯ್ತು" ಅನ್ನುತ್ತಾರೆ. ಇನ್ನೊಬ್ಬರು "ವೈರಸ್ ಇರ್ಬೇಕು" ಅನ್ನುತ್ತಾರೆ. ಮತ್ತೊಬ್ಬರು "ಲೋ ವೋಲ್ಟೇಜ್‌ಗೆ ಸುಟ್ಟಿದೆ, ಒಳಗಿದ್ದ ಫೈಲ್ ಎಲ್ಲಾ ಹೋದ ಹಾಗೇ" ಎಂದು ಹೆದರಿಸುತ್ತಾರೆ. ಇವುಗಳಲ್ಲಿ ಯಾವುದು ನಿಜ? ಕಪ್ಪು ಪರದೆಯನ್ನು ಮಾತ್ರ ನೋಡಿ ಇವುಗಳಲ್ಲಿ ಯಾವುದನ್ನೂ ಹೇಳಲು ಬರುವುದಿಲ್ಲ.

ಪಟ್ಟಣದಲ್ಲಿ ಇದು ಸಣ್ಣ ತೊಂದರೆ. ಬಂಡೀಪುರ ಕಾಡಂಚಿನ ಹಂಗಳ, ಮಂಗಲದಂಥ ಊರುಗಳಲ್ಲಿ ಹಾಗಲ್ಲ. ಪಂಚಾಯಿತಿ ಕಚೇರಿ, ಶಾಲೆ, ಗ್ರಾಮ ಒನ್ ಕೇಂದ್ರ ಅಥವಾ ಜೆರಾಕ್ಸ್ ಅಂಗಡಿಯಲ್ಲಿ ಇರುವುದು ಒಂದೋ ಎರಡೋ ಕಂಪ್ಯೂಟರ್. ಅದು ನಿಂತರೆ ಪಹಣಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆ ಶುಲ್ಕ ಎಲ್ಲವೂ ನಿಲ್ಲುತ್ತವೆ. ಬಂಡೀಪುರದಿಂದ ಗುಂಡ್ಲುಪೇಟೆಗೆ ಸುಮಾರು 20 ಕಿಲೋಮೀಟರ್, ಅಲ್ಲಿಂದ ಮೈಸೂರಿಗೆ ಸುಮಾರು 60. ಮಾನಿಟರ್ ಒಂದನ್ನೇ ಹೊತ್ತು ಅಷ್ಟು ದೂರ ಹೋಗಿ, ಅಂಗಡಿಯಲ್ಲಿ ಪ್ಲಗ್ ಹಾಕಿದಾಗ ಅದು ಚೆನ್ನಾಗಿಯೇ ಉರಿದರೆ? ಒಂದು ದಿನದ ಕೆಲಸವೂ ಹೋಯಿತು, ಬಸ್ ಚಾರ್ಜೂ ಹೋಯಿತು.

ಚಿತ್ರ ಹುಟ್ಟುವುದು ಮಾನಿಟರ್‌ನಲ್ಲಿ ಅಲ್ಲ

ನಾವು 'ಸಿಪಿಯು' ಎಂದು ಕರೆಯುವ ಡಬ್ಬದಲ್ಲಿ ಚಿತ್ರ ತಯಾರಾಗುತ್ತದೆ. ಮಾನಿಟರ್ ಅದನ್ನು ತೋರಿಸುತ್ತದೆ, ಅಷ್ಟೇ. ಗೋಡೆಯ ಸಾಕೆಟ್‌ನಿಂದ ಬಂದ ಕರೆಂಟ್ ಡಬ್ಬದೊಳಗಿನ ಎಸ್‌ಎಂಪಿಎಸ್‌ಗೆ ಹೋಗುತ್ತದೆ. ಅದು ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟೇಜ್ ಕೊಡುತ್ತದೆ. ಇವೆಲ್ಲ ಸೇರಿ ತಯಾರಿಸಿದ ಚಿತ್ರ ಕೇಬಲ್ ಮೂಲಕ ಮಾನಿಟರ್‌ಗೆ ಬರುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ನಮಗೆ ಕಾಣುವುದು ಅದೇ ಕಪ್ಪು. ಜ್ವರ ಒಂದೇ ಆದರೂ ಕಾಯಿಲೆ ಹಲವು ಇರುವ ಹಾಗೆ.

ಐದು ನಿಮಿಷದ ಪರೀಕ್ಷೆ

ಮೊದಲು ಮಾನಿಟರ್‌ನ ಚಿಕ್ಕ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಸಾಕೆಟ್‌ಗೆ ಬೇರೆ ಏನಾದರೂ ಹಾಕಿ ಕರೆಂಟ್ ಇದೆಯೇ ನೋಡಿ. ಮಾನಿಟರ್ ಹಿಂದಿನ ಪವರ್ ವೈರ್ ಸಡಿಲವಾಗಿರಬಹುದು, ಅಡಾಪ್ಟರ್ ಹೋಗಿರಬಹುದು.

ದೀಪ ಇದ್ದರೆ ಈ ಪರೀಕ್ಷೆ ಮಾಡಿ: ಮಾನಿಟರ್‌ನ ಪವರ್ ಆನ್ ಇರಲಿ, ಸಿಪಿಯುನಿಂದ ಬರುವ ಕೇಬಲ್ ಮಾತ್ರ ಕಳಚಿ. ಆಮೇಲೆ ಮಾನಿಟರ್ ಬಟನ್ ಒತ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಪರದೆ ಮೇಲೆ 'ನೋ ಸಿಗ್ನಲ್' ಅಥವಾ 'ಚೆಕ್ ಕೇಬಲ್' ಎಂದು ಬಂದರೆ ಅದು ಒಳ್ಳೆಯ ಸುದ್ದಿ. ಪರದೆ, ಅದರ ಹಿಂದಿನ ಬೆಳಕು, ಅದರ ಪವರ್ ಮೂರೂ ಸರಿ ಇವೆ ಎಂದು ಮಾನಿಟರ್ ತಾನೇ ಹೇಳುತ್ತಿದೆ. ಇನ್ನು ತೊಂದರೆ ಹುಡುಕಬೇಕಾದದ್ದು ಕೇಬಲ್‌ನಲ್ಲಿ ಅಥವಾ ಸಿಪಿಯುನಲ್ಲಿ.

ದೀಪ ಇದ್ದೂ ಯಾವ ಸಂದೇಶವೂ ಬಾರದಿದ್ದರೆ, ಕೇಬಲ್ ಮತ್ತೆ ಜೋಡಿಸಿ ಕಂಪ್ಯೂಟರ್ ಆನ್ ಮಾಡಿ. ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚ್ ಅನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನ ಬ್ಯಾಕ್‌ಲೈಟ್ ಬೆಳಗಿದರಷ್ಟೇ ಚಿತ್ರ ಕಾಣುತ್ತದೆ. ಟಾರ್ಚ್ ಬೆಳಕಿನಲ್ಲಿ ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಬ್ಯಾಕ್‌ಲೈಟ್. ಆಗ ಮಾನಿಟರ್ ರಿಪೇರಿಗೆ ಹೋಗಲೇಬೇಕು.

ಕೇಬಲ್ ಕಡೆ ನೋಡಿ

ನೀಲಿ ಬಣ್ಣದ ವಿಜಿಎ ಕೇಬಲ್‌ನಲ್ಲಿ ಸಣ್ಣ ಪಿನ್‌ಗಳಿರುತ್ತವೆ. ಒತ್ತಿ ತುರುಕಿದರೆ ಅವು ಬಾಗುತ್ತವೆ. ಎರಡೂ ತುದಿ ಕಳಚಿ, ನೋಡಿ, ಮತ್ತೆ ಜೋಡಿಸಿ. ಮಾನಿಟರ್‌ನಲ್ಲಿ ವಿಜಿಎ, ಎಚ್‌ಡಿಎಂಐ ಎರಡೂ ಇದ್ದರೆ ಮೆನು ಬಟನ್ ಒತ್ತಿ ಸರಿಯಾದುದನ್ನು ಆರಿಸಿದ್ದೀರಾ ಗಮನಿಸಿ. ಸಿಪಿಯುಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೇಬಲ್ ಆ ಕಾರ್ಡ್‌ಗೇ ಹೋಗಬೇಕು.

ಶಾಲೆಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ. ಪ್ರೊಜೆಕ್ಟರ್ ಬಳಸಿದ ಮೇಲೆ ಚಿತ್ರ ಅದಕ್ಕೆ ಮಾತ್ರ ಹೋಗುವಂತೆ ಸೆಟ್ಟಿಂಗ್ ಉಳಿದಿರಬಹುದು. ವಿಂಡೋಸ್ ಕೀ ಜೊತೆ 'ಪಿ' ಒತ್ತಿದರೆ ಆಯ್ಕೆಗಳು ಬರುತ್ತವೆ. ಪರದೆಯಲ್ಲಿ ಏನೂ ಕಾಣದಿದ್ದರೆ ಪ್ರೊಜೆಕ್ಟರ್ ಹಾಕಿಯೇ ಬದಲಾಯಿಸಿ.

ಸಿಪಿಯು ಎದ್ದಿದೆಯೇ?

ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಸಿಪಿಯು ಎಚ್ಚರವಾಗಿದೆ ಎಂದುಕೊಳ್ಳಬಹುದು. ಆಗ ಅನುಮಾನ ಕೇಬಲ್ ಅಥವಾ ಗ್ರಾಫಿಕ್ಸ್ ಮೇಲೆ. ಫ್ಯಾನ್ ತಿರುಗಿದರೂ ಕ್ಯಾಪ್ಸ್ ಲಾಕ್ ದೀಪ ಅಲುಗಾಡದಿದ್ದರೆ ಕಂಪ್ಯೂಟರ್ ಶುರುವೇ ಆಗಿಲ್ಲ. ಫ್ಯಾನ್ ತಿರುಗುವುದು ಕಂಪ್ಯೂಟರ್ ಸರಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಬೀಪ್ ಸದ್ದು ಬಂದರೆ ಎಷ್ಟು ಸಲ, ಉದ್ದವೋ ಗಿಡ್ಡವೋ ಎಂದು ಬರೆದಿಟ್ಟುಕೊಳ್ಳಿ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ರಿಪೇರಿಯವರಿಗೆ ಅದು ಸುಳಿವು.

ಕೇಳಿಬರುವ ಮಾತುಗಳು, ಅವುಗಳ ಸತ್ಯ

*"ವೈರಸ್ ಬಂದಿದೆ."* ಆನ್ ಮಾಡಿದ ಕೂಡಲೇ ಕಾಣುವ ಕಂಪನಿ ಲೋಗೋ ವಿಂಡೋಸ್‌ಗಿಂತ ಮೊದಲೇ ಮದರ್‌ಬೋರ್ಡ್‌ನಿಂದ ಬರುತ್ತದೆ. ಲೋಗೋ ಕೂಡ ಕಾಣದಿದ್ದರೆ ವೈರಸ್ ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ. ಲೋಗೋ ಬಂದು ಆಮೇಲೆ ಕಪ್ಪಾದರೆ ವಿಂಡೋಸ್ ಅಥವಾ ಡ್ರೈವರ್ ತೊಂದರೆ ಇರಬಹುದು.

*"ಲೋ ವೋಲ್ಟೇಜ್‌ಗೆ ಮಾನಿಟರ್ ಸುಟ್ಟಿತು."* ಈಗಿನ ಹೆಚ್ಚಿನ ಮಾನಿಟರ್‌ಗಳ ಹಿಂದಿನ ಚೀಟಿ ನೋಡಿ: 100–240 ವೋಲ್ಟ್ ಎಂದು ಬರೆದಿರುತ್ತದೆ. ನಮ್ಮ ಮನೆಗೆ ಬರಬೇಕಾದ್ದು 230. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ ಕುಸಿದರೆ ಸಿಪಿಯು ರೀಸ್ಟಾರ್ಟ್ ಆಗಬಹುದು, ಮಾನಿಟರ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ನಿಜವಾದ ಅಪಾಯ ಕರೆಂಟ್ ಹೋದಾಗ ಅಲ್ಲ, ಬಂದಾಗ. ಆ ಕ್ಷಣ ವೋಲ್ಟೇಜ್ ಜಿಗಿಯಬಹುದು. ಅದಕ್ಕಿಂತ ದೊಡ್ಡ ಅಪಾಯ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ. ಸಿಡಿಲಿಗೆ ಸ್ಪೈಕ್ ಬಸ್ಟರ್ ಸಾಕಾಗದು, ಸ್ವಿಚ್ ಆರಿಸಿದರೂ ಸಾಲದು. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ, ಇಂಟರ್ನೆಟ್ ಕೇಬಲ್ ಕೂಡ ಕಳಚಿ. ಸಿಡಿಲು ಹೊಡೆಯುತ್ತಿರುವಾಗ ವೈರ್ ಮುಟ್ಟಬೇಡಿ.

*"ರ್‍ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿದರೆ ಸಾಕು."* ಅರ್ಧ ನಿಜ. ಧೂಳು, ತೇವದಿಂದ ರ್‍ಯಾಮ್‌ನ ಸಂಪರ್ಕ ಕೆಟ್ಟಾಗ ತೆಗೆದು ಮತ್ತೆ ಕೂರಿಸಿದರೆ ಚಿತ್ರ ಬರುವುದುಂಟು. ಆದರೆ ಅದರ ಅಂಚಿನ ಚಿನ್ನದ ಲೇಪ ಬಹಳ ತೆಳು. ಪದೇ ಪದೇ ಉಜ್ಜಿದರೆ ಸವೆಯುತ್ತದೆ. ಮಾಡುವುದಾದರೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಡಬ್ಬದ ಲೋಹ ಮುಟ್ಟಿದ ಮೇಲೆ ಮಾಡಿ. ಅಭ್ಯಾಸ ಇಲ್ಲದವರು ಬಿಟ್ಟುಬಿಡಿ.

*"ಫೈಲ್ ಎಲ್ಲಾ ಹೋಯ್ತು, ಫಾರ್ಮ್ಯಾಟ್ ಮಾಡಬೇಕು."* ನಿಮ್ಮ ಫೈಲ್‌ಗಳು ಮಾನಿಟರ್‌ನಲ್ಲಿ ಇಲ್ಲ. ಅವು ಸಿಪಿಯು ಒಳಗಿನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿವೆ. ಪರದೆ ಕಪ್ಪಾದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಅಳಿಯುತ್ತವೆ. ಯಾರಾದರೂ ಮೊದಲ ಮಾತಿಗೇ ಫಾರ್ಮ್ಯಾಟ್ ಎಂದರೆ ಏಕೆ ಎಂದು ಕೇಳಿ.

ಎರಡು ಎಚ್ಚರಿಕೆ

ಮಾನಿಟರ್ ಅನ್ನು ಮನೆಯಲ್ಲಿ ಬಿಚ್ಚಬೇಡಿ. ಹಳೆಯ ದಪ್ಪ ಮಾನಿಟರ್‌ನ ಪಿಕ್ಚರ್ ಟ್ಯೂಬ್‌ನಲ್ಲಿ 20,000 ವೋಲ್ಟ್‌ಗೂ ಮೀರಬಹುದು, ಪ್ಲಗ್ ಕಿತ್ತ ಮೇಲೂ ಅದು ಉಳಿದಿರುತ್ತದೆ. ಹೊಸ ಚಪ್ಪಟೆ ಮಾನಿಟರ್‌ನ ಪವರ್ ಬೋರ್ಡಿನ ಕೆಪಾಸಿಟರ್ ಕೂಡ ಶಾಕ್ ಹೊಡೆಯಬಲ್ಲದು. ಹಾಗೆಯೇ ಸಿಪಿಯು ಹಿಂದೆ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. 115ಕ್ಕೆ ತಳ್ಳಿ ಆನ್ ಮಾಡಿದರೆ ಎಸ್‌ಎಂಪಿಎಸ್ ಸುಟ್ಟೇ ಹೋಗುತ್ತದೆ.

ಎರಡನೆಯದು ದುಡ್ಡಿನ ವಿಷಯ. ಆತುರದಲ್ಲಿ ಮೊಬೈಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಹುಡುಕಿದರೆ ವಂಚಕರ ನಂಬರ್ ಸಿಗುವುದುಂಟು. ಅವರು ನಿಮ್ಮ ಫೋನ್‌ಗೆ ಒಂದು ಆ್ಯಪ್ ಹಾಕಿಸಿ, ಫೋನ್ ಪರದೆಯನ್ನು ತಾವು ನೋಡುತ್ತಾರೆ. ಆಮೇಲೆ ಒಟಿಪಿ, ಬ್ಯಾಂಕ್ ಎಲ್ಲವೂ ಅವರ ಕೈಗೆ. ಸ್ವಲ್ಪ ಯೋಚಿಸಿ: ಮೇಜಿನ ಮೇಲೆ ಕಪ್ಪಾಗಿ ಕೂತ ಮಾನಿಟರ್ ನಿಮ್ಮ ಫೋನ್‌ಗೆ ಆ್ಯಪ್ ಹಾಕಿದರೆ ಹೇಗೆ ಸರಿಹೋದೀತು? ಕಂಪನಿ ನಂಬರ್ ಅನ್ನು ಬಿಲ್, ವಾರಂಟಿ ಕಾರ್ಡ್‌ನಲ್ಲೇ ನೋಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಂಗಡಿಗೆ ಹೋಗುವ ಮುನ್ನ

ರಿಪೇರಿಯವರಿಗೆ ಫೋನ್ ಮಾಡಿ ನಾಲ್ಕು ವಿಷಯ ಹೇಳಿ: ಮಾನಿಟರ್ ದೀಪ ಉರಿಯುತ್ತಿದೆಯೇ, ಕೇಬಲ್ ಕಳಚಿದಾಗ 'ನೋ ಸಿಗ್ನಲ್' ಬಂತೇ, ಕ್ಯಾಪ್ಸ್ ಲಾಕ್ ದೀಪ ಹೊತ್ತಿತೇ, ಬೀಪ್ ಎಷ್ಟು ಬಂದವು. ಇಷ್ಟು ಕೇಳಿದರೆ ತರಬೇಕಾದದ್ದು ಮಾನಿಟರೋ, ಸಿಪಿಯುವೋ, ಕೇಬಲ್ಲೋ ಎಂದು ಅವರು ಬಹುಮಟ್ಟಿಗೆ ಹೇಳಬಲ್ಲರು. ಆಗಲೂ ಅನುಮಾನ ಉಳಿದರೆ ಮೂರನ್ನೂ ಒಟ್ಟಿಗೆ ಒಯ್ಯಿರಿ. ಎರಡನೇ ಸಲ ಬಸ್ ಹತ್ತುವುದು ತಪ್ಪುತ್ತದೆ.